ಸಮವಸ್ತ್ರ ಕಳಚಿಟ್ಟವರಿಗೆ ಮತ ಕೇಳುವ ಹಕ್ಕಿಲ್ಲವೇ?

ಮಾಜಿ ಸೈನಿಕರೊಬ್ಬರು ವಿಧಾನಸಭೆಗೆ ನಿಲ್ಲುತ್ತೇನೆಂದು ಹೇಳಿ ಮನೆಮನೆಯ ಬಾಗಿಲಿಗೆ ಹೋಗತೊಡಗಿದರೆ ಸಾಕು, ಆಕ್ಷೇಪಗಳು ಸಾಲುಗಟ್ಟಿ ನಿಲ್ಲುತ್ತವೆ. ಸ್ವಾತಂತ್ರ್ಯೋತ್ಸವದ ವೇದಿಕೆಗೆ ಅದೇ ವ್ಯಕ್ತಿಯನ್ನು ಕರೆದು ಶಾಲು ಹೊದಿಸಿ, 'ನಾಡಿನ ಹೆಮ್ಮೆ' ಎಂದು ಹೊಗಳಿದವರೇ ಈ ಆಕ್ಷೇಪಗಳ ಮುಂಚೂಣಿಯಲ್ಲಿರುತ್ತಾರೆ. ಸನ್ಮಾನಕ್ಕೆ ಯೋಗ್ಯನಾದವನು ನಾಮಪತ್ರಕ್ಕೆ ಹೇಗೆ ಅಯೋಗ್ಯನಾದ ಎಂಬ ಪ್ರಶ್ನೆಗೆ ಅವರು ಏಳು ಉತ್ತರಗಳನ್ನು ಕೊಡುತ್ತಾರೆ. ಆ ಏಳನ್ನೂ ಅವರ ಬಾಯಲ್ಲಿ ಬಂದಂತೆಯೇ ಇಲ್ಲಿ ಎತ್ತಿಕೊಳ್ಳುತ್ತೇನೆ. ಯಾವುದನ್ನೂ ದುರ್ಬಲಗೊಳಿಸಿ ಹೇಳುವುದಿಲ್ಲ, ಯಾವುದನ್ನೂ ಬಿಟ್ಟು ಮುಂದೆ ಹೋಗುವುದಿಲ್ಲ. ಎರಡೂ ಕಡೆಯ ವಾದ ಕೇಳಿ ತೀರ್ಪು ಕೊಡಬೇಕಾದವರು ಓದುಗರು.

ಮೊದಲ ಆಕ್ಷೇಪಕ್ಕೆ ತೂಕ ಹೆಚ್ಚು. 'ಭಾರತದ ಸೇನೆ ರಾಜಕೀಯದಿಂದ ದೂರ ಉಳಿದಿದ್ದರಿಂದಲೇ ನಮ್ಮ ಪ್ರಜಾಪ್ರಭುತ್ವ ಉಳಿದಿದೆ. ಸೈನಿಕರು ಚುನಾವಣೆಗೆ ಇಳಿದರೆ ಆ ಗೋಡೆ ಒಡೆಯುತ್ತದೆ. ಪಾಕಿಸ್ತಾನದ ಗತಿ ನೋಡಿ' ಎನ್ನುತ್ತಾರೆ. ಮೊದಲ ವಾಕ್ಯ ನಿಜ. ಎರಡನೆಯದು ಅದರಿಂದ ಹುಟ್ಟುವುದಿಲ್ಲ. ಗೋಡೆ ಎಲ್ಲಿದೆ ಎಂಬುದನ್ನು ಕಾನೂನು ಸ್ಪಷ್ಟವಾಗಿ ಹೇಳಿದೆ. ಸಂವಿಧಾನದ 33ನೇ ವಿಧಿ ಸಶಸ್ತ್ರ ಪಡೆಗಳ ಸದಸ್ಯರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯ್ದೆಯಡಿ ಸೇವೆಯಲ್ಲಿರುವ ಸೈನಿಕ ರಾಜಕೀಯ ಸಭೆಗೆ ಹೋಗುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಈ ನಿರ್ಬಂಧ ಸೇವೆಯ ಅವಧಿಗೆ ಮಾತ್ರ. ಬಿಡುಗಡೆಯ ಪತ್ರ ಕೈಗೆ ಬಂದ ದಿನದಿಂದ ಆತ ನಮ್ಮ ನಿಮ್ಮಂತೆ ಸಂಪೂರ್ಣ ನಾಗರಿಕ. ಪಾಕಿಸ್ತಾನದಲ್ಲಿ 1958, 1977 ಮತ್ತು 1999ರಲ್ಲಿ ಅಧಿಕಾರ ಹಿಡಿದವರು ಸಮವಸ್ತ್ರ ತೊಟ್ಟಿದ್ದವರು, ಸೇನೆಯ ದಂಡನಾಯಕತ್ವ ಕೈಯಲ್ಲಿದ್ದವರು, ಯಾವ ಮತದಾರನನ್ನೂ ಕೇಳದೆ ಬಂದವರು. ಸಮವಸ್ತ್ರ ಕಳಚಿಟ್ಟು, ಹತ್ತು ಸಾವಿರ ರೂಪಾಯಿ ಠೇವಣಿ ಕಟ್ಟಿ, ಕೈಮುಗಿದು ಮತ ಕೇಳುವವನನ್ನು ಅವರ ಪಕ್ಕದಲ್ಲಿ ನಿಲ್ಲಿಸುವುದು ವಾದವಲ್ಲ, ಬೆದರಿಕೆ.

ನಮ್ಮ ನೆಲದ ಸಾಕ್ಷಿಯೇ ಬೇಕೆಂದರೆ ಕೊಡಗಿನ ಕೆ.ಎಂ. ಕಾರ್ಯಪ್ಪನವರಿದ್ದಾರೆ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು ಅವರು. ಸೇನೆಯನ್ನು ರಾಜಕೀಯದಿಂದ ದೂರ ಇಡಬೇಕೆಂದು ಅವರಷ್ಟು ಪಟ್ಟು ಹಿಡಿದವರು ಕಡಿಮೆ. 1953ರಲ್ಲಿ ನಿವೃತ್ತರಾದ ಅವರು 1971ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿ ಈಶಾನ್ಯ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಮತದಾರರ ತೀರ್ಪನ್ನು ಒಪ್ಪಿಕೊಂಡರು. 1986ರಲ್ಲಿ ದೇಶ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟು ಗೌರವಿಸಿತು. ಸೇನೆಯ ತಟಸ್ಥತೆಗೂ ನಿವೃತ್ತ ಸೈನಿಕನ ನಾಗರಿಕ ಹಕ್ಕಿಗೂ ವಿರೋಧವಿಲ್ಲ ಎಂಬುದನ್ನು ಒಬ್ಬರೇ ಬದುಕಿ ತೋರಿಸಿದರು. ಈ ಉದಾಹರಣೆಯನ್ನು ಎದುರಾಳಿಗಳು ಎಂದೂ ಎತ್ತುವುದಿಲ್ಲ. ಎತ್ತಿದರೆ ಅವರ ಮೊದಲ ಆಕ್ಷೇಪ ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು: 'ಸೈನಿಕನಿಗೆ ಗೊತ್ತಿರುವುದು ಆದೇಶ ಪಾಲಿಸುವುದು ಮತ್ತು ಆದೇಶ ಕೊಡುವುದು. ಶಾಸನಸಭೆಗೆ ಬೇಕಾದದ್ದು ಚರ್ಚೆ, ಭಿನ್ನಮತ, ಮನವೊಲಿಕೆ.' ಈ ಮಾತನ್ನು ಹೇಳುತ್ತಿರುವವರು ಯಾರು ಎಂಬುದನ್ನು ಒಮ್ಮೆ ಗಮನಿಸಿ. ಟಿಕೆಟ್‌ಗಾಗಿ ದೆಹಲಿಯ ಹೈಕಮಾಂಡ್ ಬಾಗಿಲಲ್ಲಿ ದಿನಗಟ್ಟಲೆ ಕಾಯುವವರು. ಸಂಪುಟ ವಿಸ್ತರಣೆಯ ಪಟ್ಟಿ ಅಲ್ಲಿಂದಲೇ ಬರಬೇಕೆಂದು ಕೂರುವವರು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ವಿಪ್ ಮೀರಿ ಮತ ಹಾಕಿದರೆ ಸ್ಥಾನವೇ ಹೋಗುತ್ತದೆ. ಅಂದರೆ ಸದನದಲ್ಲಿ ಆದೇಶ ಪಾಲನೆ ಈಗಾಗಲೇ ಕಾನೂನಿನ ರೂಪದಲ್ಲಿದೆ. ಆ ಕಾನೂನಿಗೂ ಸಿಗದೆ ನುಣುಚಿಕೊಳ್ಳಲು ರಾಜೀನಾಮೆ ಬರೆದಿಟ್ಟು ಪರರಾಜ್ಯದ ಹೋಟೆಲ್ ಸೇರುವ ವಿದ್ಯೆಯನ್ನೂ ನಮ್ಮ ಶಾಸಕರು ಕಲಿತರು. 2019ರ ಜುಲೈನಲ್ಲಿ ಕರ್ನಾಟಕದ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದ್ದು ಇನ್ನೂ ಯಾರಿಗೂ ಮರೆತಿಲ್ಲ. ಅಷ್ಟು ದಿನ ಆ ಹೋಟೆಲುಗಳಲ್ಲಿ ನಡೆದದ್ದು ಚರ್ಚೆಯೋ, ಮನವೊಲಿಕೆಯೋ?

ಇನ್ನು ಸೈನಿಕರ ಕಡೆಗೆ ಬರೋಣ. ಸಿಖ್ ರೆಜಿಮೆಂಟಿನಲ್ಲಿದ್ದ ಕ್ಯಾಪ್ಟನ್ ಅಮರಿಂದರ್ ಸಿಂಗ್ 1984ರಲ್ಲಿ ಸ್ವರ್ಣಮಂದಿರದ ಸೇನಾ ಕಾರ್ಯಾಚರಣೆಯನ್ನು ವಿರೋಧಿಸಿ ತಮ್ಮ ಪಕ್ಷಕ್ಕೂ ಲೋಕಸಭಾ ಸದಸ್ಯತ್ವಕ್ಕೂ ಒಟ್ಟಿಗೇ ರಾಜೀನಾಮೆ ಕೊಟ್ಟರು. ಅವರ ರಾಜಕೀಯದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಾದರೂ ಇರಲಿ, ಮೇಲಿನವರ ಮಾತಿಗೆ ತಲೆಯಾಡಿಸುವುದಷ್ಟೇ ಗೊತ್ತಿದ್ದವರು ಮಾಡುವ ಕೆಲಸ ಅದಲ್ಲ. 2015ರಲ್ಲಿ 'ಒಂದು ಹುದ್ದೆ, ಒಂದು ಪಿಂಚಣಿ' ಬೇಡಿಕೆಗಾಗಿ ದೆಹಲಿಯ ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಕುಳಿತವರು ಯಾರು? ಮಾಜಿ ಸೈನಿಕರು. ಸರ್ಕಾರ ಆ ಸೆಪ್ಟೆಂಬರ್‌ನಲ್ಲಿ ಯೋಜನೆ ಘೋಷಿಸಿದ ಮೇಲೂ ಅದರ ಲೋಪಗಳನ್ನು ಹಿಡಿದು ಸುಪ್ರೀಂ ಕೋರ್ಟಿನ ತನಕ ವಾದಿಸಿದವರೂ ಅವರೇ. ಮನವಿ, ಧರಣಿ, ಸಂಧಾನ, ನ್ಯಾಯಾಲಯ — ಪ್ರಜಾಪ್ರಭುತ್ವದಲ್ಲಿ ಭಿನ್ನಮತಕ್ಕೆ ಇರುವ ದಾರಿಗಳೆಲ್ಲವನ್ನೂ ಅವರು ಬಳಸಿದರು. ಆದೇಶವನ್ನು ಪಾಲಿಸಬೇಕಾದ ಜಾಗ ಯಾವುದು, ಪ್ರಶ್ನಿಸಬೇಕಾದ ಜಾಗ ಯಾವುದು ಎಂಬ ವಿವೇಚನೆ ಅವರಿಗಿದೆ.

ಮೂರನೆಯದು ಹಳ್ಳಿಯ ಕಟ್ಟೆಯ ಮೇಲೆ ಹೆಚ್ಚು ಓಡುವ ಮಾತು: 'ಇಪ್ಪತ್ತು ವರ್ಷ ಊರಲ್ಲೇ ಇರಲಿಲ್ಲ. ಹೊರಗಿನವನು. ನಮ್ಮ ಕಷ್ಟ ಅವನಿಗೇನು ಗೊತ್ತು?' ಇದಕ್ಕೆ ಉತ್ತರ ಮತದಾರರ ಪಟ್ಟಿಯಲ್ಲೇ ಇದೆ. ಯಾವುದಾದರೂ ಊರಿನ ಪಟ್ಟಿ ತೆಗೆದು ಕೊನೆಯ ಭಾಗಕ್ಕೆ ಹೋಗಿ. ಅಲ್ಲಿ ಸೇವಾ ಮತದಾರರ ಹೆಸರುಗಳಿರುತ್ತವೆ. ಸೈನಿಕ ಲೇಹ್‌ನಲ್ಲಿರಲಿ, ತೇಜ್‌ಪುರದಲ್ಲಿರಲಿ, ಸೇನೆಯಲ್ಲಿಲ್ಲದಿದ್ದರೆ ತಾನು ಯಾವ ಊರಿನ ವಾಸಿಯಾಗಿರುತ್ತಿದ್ದೆ ಎಂದು ಘೋಷಿಸಿ ಆ ಊರಿನ ಮತದಾರನಾಗಿ ಉಳಿಯಬಹುದು ಎಂದು 1950ರ ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ಅವನು ಈ ಊರಿನವನೇ ಎಂದು ಕಾನೂನು ಒಪ್ಪಿಕೊಂಡಿದೆ. ಒಪ್ಪದವರು ಎದುರಾಳಿಗಳು ಮಾತ್ರ. ರಜೆಯಲ್ಲಿ ಊರಿಗೆ ಬರುವ ಜವಾನನ ದಿನಗಳು ಎಲ್ಲಿ ಕಳೆಯುತ್ತವೆ ಎಂಬುದು ಅವನ ಮನೆಯವರಿಗೆ ಗೊತ್ತು. ಪಹಣಿಯಲ್ಲಿ ಹೆಸರು ತಪ್ಪಾಗಿದೆಯೆಂದು ನಾಡಕಚೇರಿಗೆ, ಪೋಡಿ ಆಗಿಲ್ಲವೆಂದು ಸರ್ವೆ ಇಲಾಖೆಗೆ, ಮಗುವಿನ ಜಾತಿ ಪ್ರಮಾಣಪತ್ರಕ್ಕೆಂದು ತಾಲ್ಲೂಕು ಕಚೇರಿಗೆ. ಇಂದು ಗುಮಾಸ್ತರಿಲ್ಲ, ನಾಳೆ ಬನ್ನಿ ಎಂದು ಕೇಳಿಸಿಕೊಂಡು ಬರುವಷ್ಟರಲ್ಲಿ ರಜೆ ಮುಗಿದು ರೈಲು ಹತ್ತುವ ದಿನ ಬಂದಿರುತ್ತದೆ. ಸರ್ಕಾರಿ ಕಚೇರಿಯ ವಿಳಂಬ ಎಷ್ಟು ದುಬಾರಿ ಎಂಬುದನ್ನು ದಿನ ಎಣಿಸಿ ಬಂದವನಿಗಿಂತ ಚೆನ್ನಾಗಿ ಅರಿತವರು ಯಾರಿದ್ದಾರೆ?

ಅದಿರಲಿ, 'ಹೊರಗಿನವರು' ಎಂಬ ಅಳತೆಗೋಲನ್ನು ಆಕ್ಷೇಪಿಸುವವರ ಪಕ್ಷಗಳಿಗೇ ಹಿಡಿದು ನೋಡೋಣ. 2018ರಲ್ಲಿ ಸಿದ್ದರಾಮಯ್ಯನವರು ಮೈಸೂರಿನ ಚಾಮುಂಡೇಶ್ವರಿಯ ಜೊತೆಗೆ ದೂರದ ಬಾದಾಮಿಯಿಂದಲೂ ನಿಂತರು. ಚಾಮುಂಡೇಶ್ವರಿಯಲ್ಲಿ ಸೋತು ಬಾದಾಮಿಯಲ್ಲಿ ಗೆದ್ದರು. 2023ರಲ್ಲಿ ಬೆಂಗಳೂರಿನ ಗೋವಿಂದರಾಜನಗರದ ಶಾಸಕರಾಗಿದ್ದ ವಿ. ಸೋಮಣ್ಣನವರನ್ನು ಅವರ ಪಕ್ಷ ವರುಣಾ ಮತ್ತು ಚಾಮರಾಜನಗರಕ್ಕೆ ಕಳಿಸಿತು. ಎರಡೂ ಕಡೆ ಸೋತರು. ನಿಖಿಲ್ ಕುಮಾರಸ್ವಾಮಿಯವರು 2019ರಲ್ಲಿ ಮಂಡ್ಯ, 2023ರಲ್ಲಿ ರಾಮನಗರ, 2024ರಲ್ಲಿ ಚನ್ನಪಟ್ಟಣದಿಂದ ಸ್ಪರ್ಧಿಸಿದರು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ರಾಜ್ಯದ ಮತದಾರನಾದವನು ರಾಜ್ಯದ ಯಾವ ಸಾಮಾನ್ಯ ಕ್ಷೇತ್ರದಿಂದ ಬೇಕಾದರೂ ನಿಲ್ಲಬಹುದು. ನಾಯಕರು ಕ್ಷೇತ್ರ ಬದಲಿಸಿದಾಗ ಅದು ಚುನಾವಣಾ ತಂತ್ರ. ಹುಟ್ಟೂರಿಗೆ ಮರಳಿದ ಸೈನಿಕ ನಿಂತಾಗ ಮಾತ್ರ ಅವನು ಹೊರಗಿನವನು. ಒಂದೇ ನಿಯಮವನ್ನು ಇಬ್ಬರಿಗೆ ಎರಡು ರೀತಿ ಅನ್ವಯಿಸುವುದಕ್ಕೆ ತರ್ಕ ಎಂದು ಹೆಸರಿಲ್ಲ.

ನಾಲ್ಕನೆಯ ಆಕ್ಷೇಪ ಅನುಭವದ್ದು. 'ಗಡಿ ಕಾಯುವುದು ಬೇರೆ, ಕೆರೆ ಹೂಳೆತ್ತಿಸುವುದು ಬೇರೆ. ಬಜೆಟ್, ಅನುದಾನ, ಕಾಮಗಾರಿ ಇವೆಲ್ಲ ಆತನಿಗೆ ತಿಳಿಯದು.' ಸೇನೆ ಎಂದರೆ ಬಂದೂಕು ಹಿಡಿದು ನಿಲ್ಲುವುದು ಮಾತ್ರ ಎಂದುಕೊಂಡವರ ಮಾತಿದು. ಒಂದು ಕಂಪನಿಯ ಕ್ವಾರ್ಟರ್ ಮಾಸ್ಟರ್ ಹವಿಲ್ದಾರನ ಕೆಲಸವನ್ನು ಹತ್ತಿರದಿಂದ ನೋಡಿ. ನೂರಕ್ಕೂ ಹೆಚ್ಚು ಜನರ ಪಡಿತರ, ಬಟ್ಟೆ, ಹಾಸಿಗೆ, ಗುಡಾರ, ಉಪಕರಣ ಎಲ್ಲವೂ ಅವನ ಲೆಡ್ಜರಿನಲ್ಲಿರಬೇಕು. ಬಂದದ್ದಕ್ಕೆ ರಸೀದಿ, ಹೋದದ್ದಕ್ಕೆ ಸಹಿ. ಎಣಿಕೆ ನಡೆಯುವಾಗ ಒಂದು ಕಂಬಳಿ ಕಡಿಮೆಯಾದರೂ ಅವನೇ ಉತ್ತರ ಹೇಳಬೇಕು, ನಷ್ಟ ಕಟ್ಟಿಕೊಡಬೇಕು. ಕರ್ನಾಟಕದ ಒಬ್ಬ ಶಾಸಕನ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ ರೂಪಾಯಿ. ಆ ಹಣದಲ್ಲಿ ಕಟ್ಟಿದ ಸಮುದಾಯ ಭವನಕ್ಕೆ ಬೀಗ ಬಿದ್ದಿದ್ದರೆ, ಕೊರೆದ ಕೊಳವೆಬಾವಿಗೆ ಮೋಟಾರೇ ಇಳಿದಿಲ್ಲದಿದ್ದರೆ, ಯಾವ ಶಾಸಕ ತನ್ನ ಜೇಬಿನಿಂದ ನಷ್ಟ ಕಟ್ಟಿಕೊಟ್ಟ? ಲೆಕ್ಕ ಒಪ್ಪಿಸುವ ಅಭ್ಯಾಸ ಅನುಭವವಲ್ಲವಾದರೆ ಇನ್ನಾವುದು ಅನುಭವ?

ದೊಡ್ಡ ಮಟ್ಟದ ಉದಾಹರಣೆ ಬೇಕೆಂದರೆ ಉತ್ತರಾಖಂಡದ ಮೇಜರ್ ಜನರಲ್ ಬಿ.ಸಿ. ಖಂಡೂರಿಯವರಿದ್ದಾರೆ. ಸೇನೆಯ ಎಂಜಿನಿಯರಿಂಗ್ ದಳದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಇದ್ದವರು. ವಾಜಪೇಯಿ ಸರ್ಕಾರದಲ್ಲಿ ಹೆದ್ದಾರಿ ಖಾತೆ ಅವರ ಕೈಯಲ್ಲಿದ್ದಾಗಲೇ ಸುವರ್ಣ ಚತುಷ್ಪಥದ ಕಾಮಗಾರಿ ವೇಗ ಪಡೆದದ್ದು. ಬೆಳಗಾವಿಯಿಂದ ಹುಬ್ಬಳ್ಳಿ, ದಾವಣಗೆರೆ, ತುಮಕೂರು ಹಾದು ಬೆಂಗಳೂರಿಗೆ ಬರುವವರು ಆ ಯೋಜನೆಯ ರಸ್ತೆಯ ಮೇಲೆಯೇ ಬರುತ್ತಾರೆ. ನಂತರ ಅವರು ಎರಡು ಅವಧಿಗೆ ಉತ್ತರಾಖಂಡದ ಮುಖ್ಯಮಂತ್ರಿಯಾದರು. ನಮ್ಮಲ್ಲೇ 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2019ರಲ್ಲಿ ಬೆಳಗಾವಿ, ಬಾಗಲಕೋಟೆಯ ಕಡೆ ನದಿಗಳು ಊರಿಗೆ ನುಗ್ಗಿದಾಗ ಜಿಲ್ಲಾಡಳಿತ ಸೇನೆಯ ನೆರವು ಪಡೆಯಿತು. ವಿಪತ್ತಿನ ದಿನ ಅವರ ಸಾಮರ್ಥ್ಯ ಬೇಕು, ವಿಪತ್ತು ನಿರ್ವಹಣೆಯ ನೀತಿ ರೂಪಿಸುವ ಸದನಕ್ಕೆ ಅವರು ಬೇಡ ಎನ್ನುವುದನ್ನು ಯಾವ ನ್ಯಾಯಪರ ಓದುಗ ಒಪ್ಪಿಯಾನು?

ಐದನೆಯದು ಗಂಭೀರವಾದ ಆರೋಪ. 'ಇವರು ಸಮವಸ್ತ್ರ, ಪದಕ, ಹುತಾತ್ಮರ ಹೆಸರು ತೋರಿಸಿ ಭಾವನೆ ಕೆರಳಿಸಿ ಮತ ಕೇಳುತ್ತಾರೆ. ಪ್ರಶ್ನಿಸಿದವರಿಗೆ ದೇಶದ್ರೋಹಿ ಪಟ್ಟ ಕಟ್ಟುತ್ತಾರೆ.' ಸಮವಸ್ತ್ರ ತೋರಿಸಿ ಮತ ಕೇಳುವುದು ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ತಪ್ಪಿನ ಚರಿತ್ರೆ ಯಾರ ಹೆಸರಿನಲ್ಲಿದೆ? ರಕ್ಷಣಾ ಪಡೆಗಳ ಸಿಬ್ಬಂದಿಯ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬೇಡಿ ಎಂದು ಚುನಾವಣಾ ಆಯೋಗ 2013ರ ಡಿಸೆಂಬರ್‌ನಲ್ಲಿ ಬರೆಯಬೇಕಾಗಿ ಬಂದದ್ದು ರಾಜಕೀಯ ಪಕ್ಷಗಳಿಗೆ. ವಿಂಗ್ ಕಮಾಂಡರ್ ಅಭಿನಂದನ್ ಅವರ ಚಿತ್ರ ಪಕ್ಷದ ಫ್ಲೆಕ್ಸ್‌ಗಳಲ್ಲಿ ಕಾಣಿಸಿಕೊಂಡ ಮೇಲೆ 2019ರ ಮಾರ್ಚ್‌ನಲ್ಲಿ ಅದೇ ಸೂಚನೆಯನ್ನು ಮತ್ತೆ ಹೊರಡಿಸಬೇಕಾಗಿ ಬಂದದ್ದೂ ಪಕ್ಷಗಳಿಗೇ. ಬೇರೊಬ್ಬರ ಶೌರ್ಯವನ್ನು ಫ್ಲೆಕ್ಸಿಗೆ ಏರಿಸಿ ಮತ ಕೇಳುವವರು, ತನ್ನದೇ ಸೇವೆಯ ವಿವರವನ್ನು ಮತದಾರರ ಮುಂದೆ ಇಡುವವನಿಗೆ ಸಂಯಮದ ಪಾಠ ಹೇಳುವ ಅರ್ಹತೆಯನ್ನು ಎಂದೋ ಕಳೆದುಕೊಂಡಿದ್ದಾರೆ.

ಮತದಾರ ಸಮವಸ್ತ್ರ ಕಂಡು ಮೈಮರೆಯುತ್ತಾನೆ ಎಂಬ ಊಹೆಯೂ ಸುಳ್ಳು. 2017ರ ಪಂಜಾಬ್ ಚುನಾವಣೆಯಲ್ಲಿ ಪಟಿಯಾಲದಲ್ಲಿ ಕ್ಯಾಪ್ಟನ್ ಅಮರಿಂದರ್ ಸಿಂಗ್ ಎದುರು ನಿಂತವರು ದೇಶದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಜೆ.ಜೆ. ಸಿಂಗ್. ಗೆದ್ದವರು ಕ್ಯಾಪ್ಟನ್. ಜನರಲ್ ಅವರ ಠೇವಣಿಯೂ ಉಳಿಯಲಿಲ್ಲ. ಹುದ್ದೆಯ ತೂಕಕ್ಕೆ ಮತ ಬೀಳುವುದಾಗಿದ್ದರೆ ಫಲಿತಾಂಶ ತಿರುಗುಮುರುಗಾಗಿರಬೇಕಿತ್ತು. ಐದು ವರ್ಷಗಳ ನಂತರ ಅದೇ ಪಟಿಯಾಲದ ಮತದಾರರು ಕ್ಯಾಪ್ಟನ್ ಅವರನ್ನೂ ಸೋಲಿಸಿದರು. ಖಂಡೂರಿಯವರು 2012ರಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಕೋಟದ್ವಾರದಲ್ಲಿ ಸೋತರು. ಅವರ ಪಕ್ಷ ಕಾಂಗ್ರೆಸ್‌ಗಿಂತ ಒಂದೇ ಸ್ಥಾನ ಹಿಂದೆ ಬಿದ್ದು ಅಧಿಕಾರ ಕಳೆದುಕೊಂಡಿತು. ಆದರೂ ಸೋಲಿಸಿದವರನ್ನು ದೇಶದ್ರೋಹಿಗಳೆಂದು ಯಾರೂ ಕರೆಯಲಿಲ್ಲ. ಇನ್ನು ಯಾವನಾದರೂ ಮಾಜಿ ಸೈನಿಕ ಪದಕದ ಹಿಂದೆ ಅಡಗಿ ಪ್ರಶ್ನೆಗಳನ್ನು ತಪ್ಪಿಸಿಕೊಂಡರೆ ಅವನನ್ನು ಸೋಲಿಸಿ. ಆದರೆ ಅವನೊಬ್ಬನ ತಪ್ಪಿಗೆ ಎಲ್ಲರ ಹಕ್ಕನ್ನು ಕಿತ್ತುಕೊಳ್ಳುವ ನ್ಯಾಯ ಎಲ್ಲಿಯದು? ಆ ನ್ಯಾಯವನ್ನು ವಕೀಲರಿಗೆ, ಗುತ್ತಿಗೆದಾರರಿಗೆ, ಸಿನಿಮಾ ನಟರಿಗೆ ಅನ್ವಯಿಸಿದರೆ ಸದನದಲ್ಲಿ ಎಷ್ಟು ಕುರ್ಚಿ ತುಂಬಿರುತ್ತವೆ?

ಆರನೆಯದು ಸಣ್ಣ ಮಾತು. ಆದರೂ ಬಿಡುವುದಿಲ್ಲ ಎಂದಿದ್ದೇನೆ. 'ಪಿಂಚಣಿ ಬರುತ್ತದೆ, ಕ್ಯಾಂಟೀನ್ ಇದೆ, ಆಸ್ಪತ್ರೆ ಇದೆ. ಇನ್ನೂ ಅಧಿಕಾರ ಯಾಕೆ ಬೇಕು?' ಸಾಮಾನ್ಯ ಜವಾನನೊಬ್ಬ ಪಿಂಚಣಿಗೆ ಅರ್ಹನಾಗಬೇಕಾದರೆ 15 ವರ್ಷ ಸೇವೆ ಮಾಡಬೇಕು. ಶಾಸಕನಿಗೆ ಅಂಥ ಕಾಯುವಿಕೆಯೇ ಇಲ್ಲ, ಒಂದು ಅವಧಿ ಸಾಕು. 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆ ಶಾಸಕರ ಮೂಲವೇತನವನ್ನು 40 ಸಾವಿರದಿಂದ 80 ಸಾವಿರ ರೂಪಾಯಿಗೆ, ಮಾಜಿ ಶಾಸಕರ ಪಿಂಚಣಿಯನ್ನು 50 ಸಾವಿರದಿಂದ 75 ಸಾವಿರಕ್ಕೆ ಏರಿಸಿಕೊಂಡಿತು. ಆ ಮಸೂದೆ ಅಂಗೀಕಾರವಾದದ್ದು ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ. ಸೈನಿಕನಿಗೆ ಚರ್ಚೆ ಗೊತ್ತಿಲ್ಲ ಎಂಬ ಎರಡನೆಯ ಆಕ್ಷೇಪವನ್ನೂ, ಸೈನಿಕನಿಗೆ ಪಿಂಚಣಿ ಸಾಕು ಎಂಬ ಈ ಆರನೆಯ ಆಕ್ಷೇಪವನ್ನೂ ಆ ಒಂದು ದಿನದ ಕಲಾಪದ ಪಕ್ಕದಲ್ಲಿಟ್ಟು ನೋಡಿ. ಕರ್ನಾಟಕದ ಸದನ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು 2005ರಲ್ಲಿ ಶಾಸಕರೇ ಕಾಯ್ದೆ ಮಾಡಿಕೊಂಡರು. ಆ ಗುರಿ ಮುಟ್ಟಿದ ವರ್ಷಗಳು ಅಪರೂಪ. ಕರ್ತವ್ಯಕ್ಕೆ ಹಾಜರಾಗುವುದು ಹೇಗೆಂದು ಗೊತ್ತಿರುವ ಕೆಲವರು ಅಲ್ಲಿಗೆ ಹೋದರೆ ನಷ್ಟ ಯಾರಿಗೆ?

ಏಳನೆಯ ಆಕ್ಷೇಪ ಕೊನೆಯ ಬಾಣ. 'ಹಣವಿಲ್ಲ, ಪಕ್ಷವಿಲ್ಲ, ಜಾತಿಯ ಬೆಂಬಲವಿಲ್ಲ. ನಾಲ್ಕು ಜನ ಪಿಂಚಣಿದಾರರನ್ನು ಕಟ್ಟಿಕೊಂಡು ತಿರುಗಿದರೆ ಗೆಲ್ಲುತ್ತಾರೆಯೇ? ಮತ ವ್ಯರ್ಥ ಮಾಡಬೇಡಿ.' ಉತ್ತರಾಖಂಡದ ಕರ್ನಲ್ ಅಜಯ್ ಕೊಠಿಯಾಲ್ ಅವರನ್ನು ಇದಕ್ಕೆ ಸಾಕ್ಷಿಯಾಗಿ ಎತ್ತಬಹುದು. 2013ರ ಪ್ರಳಯದ ನಂತರ ಕೇದಾರನಾಥದ ಪುನರ್ನಿರ್ಮಾಣದಲ್ಲಿ ಮುಂದೆ ನಿಂತು ದುಡಿದವರು, ಕೀರ್ತಿ ಚಕ್ರ ಪಡೆದವರು. 2022ರಲ್ಲಿ ಆಮ್ ಆದ್ಮಿ ಪಕ್ಷದ ಮುಖ್ಯಮಂತ್ರಿ ಅಭ್ಯರ್ಥಿಯಾಗಿ ಗಂಗೋತ್ರಿಯಲ್ಲಿ ನಿಂತು ಠೇವಣಿ ಕಳೆದುಕೊಂಡರು. ಅದೇ ವರ್ಷ ಬಿಜೆಪಿ ಸೇರಿದರು. ಪಕ್ಷ ಬದಲಿಸಿದ್ದು ಏಕೆಂದು ಅವರನ್ನು ಕೇಳಬೇಕಾದದ್ದೇ. ಆದರೆ ಅವರ ಸೋಲು ನಮ್ಮ ಎದುರಾಳಿಗಳ ಐದನೆಯ ಆಕ್ಷೇಪವನ್ನು ಅವರ ಕೈಯಾರೆ ಮುರಿಯುತ್ತದೆ. ಸಮವಸ್ತ್ರದ ಮೋಡಿಗೆ ಮತದಾರರು ಮರುಳಾಗುತ್ತಾರೆ ಎಂದವರೇ ಈಗ ಸಮವಸ್ತ್ರಕ್ಕೆ ಮತ ಬೀಳುವುದಿಲ್ಲ ಎನ್ನುತ್ತಿದ್ದಾರೆ. ಸೈನಿಕ ಸುಲಭವಾಗಿ ಗೆಲ್ಲುವ ಅಪಾಯವೋ, ಗೆಲ್ಲಲಾಗದ ನಿಷ್ಪ್ರಯೋಜಕನೋ? ಎರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳಲಿ. ಎರಡನ್ನೂ ಇಟ್ಟುಕೊಳ್ಳಲು ಬಿಡಲಾಗದು.

ಇನ್ನು 'ಹಣವಿಲ್ಲ' ಎಂಬ ಮಾತು. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. 2023ರ ಚುನಾವಣೆಯಲ್ಲಿ ರಾಜ್ಯದಲ್ಲಿ ಜಪ್ತಿಯಾದ ನಗದು, ಮದ್ಯ, ಚಿನ್ನ, ಉಡುಗೊರೆಗಳ ಮೌಲ್ಯ ಸುಮಾರು 375 ಕೋಟಿ ರೂಪಾಯಿ, ಹಿಂದಿನ ಚುನಾವಣೆಯ ನಾಲ್ಕು ಪಟ್ಟಿಗೂ ಹೆಚ್ಚು. ಇದು ಸಿಕ್ಕಿಬಿದ್ದ ಲೆಕ್ಕ ಮಾತ್ರ. ಹಾಗಿರುವಾಗ ಹಣವಿಲ್ಲದಿರುವುದನ್ನು ದೌರ್ಬಲ್ಯವೆನ್ನುವವರು ತಮ್ಮ ಬಲ ಎಲ್ಲಿದೆ ಎಂಬುದನ್ನು ತಾವೇ ಹೇಳಿಕೊಂಡಂತಾಯಿತು. ಹಣವಿಲ್ಲದವನಿಗೆ ಉಳಿಯುವುದು ಜನ. ಪಕ್ಷೇತರನಾಗಿ ನಾಮಪತ್ರ ಸಲ್ಲಿಸುವವನಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬರು ಸಾಕು. ಆ ಹತ್ತು ಸಹಿಗಳಿಗಾಗಿ ಆತ ಹತ್ತು ಮನೆಯ ಜಗಲಿಯಲ್ಲಿ ಕುಳಿತು, ಯಾಕೆ ನಿಲ್ಲುತ್ತಿದ್ದೇನೆ ಎಂದು ಹೇಳಬೇಕು. ಒಂದು ಕ್ಷೇತ್ರದಲ್ಲಿ ಸರಾಸರಿ 250ಕ್ಕೂ ಹೆಚ್ಚು ಮತಗಟ್ಟೆಗಳು. ಬೆಳಿಗ್ಗೆ ಅಣಕು ಮತದಾನದಿಂದ ಹಿಡಿದು ಸಂಜೆ ಯಂತ್ರಕ್ಕೆ ಮೊಹರು ಬೀಳುವ ತನಕ ಒಂದೊಂದರಲ್ಲೂ ಒಬ್ಬ ಏಜೆಂಟ್ ಕೂರಬೇಕು. ಕೂಲಿ ಕೊಟ್ಟು ಕೂರಿಸಲು ಹಣವಿಲ್ಲದವನು ಆ 250 ಜನರನ್ನು ನಂಬಿಕೆಯ ಬಲದಿಂದಲೇ ಹುಡುಕಬೇಕು. ಜೊತೆಗೆ ಸೇವೆ ಮಾಡಿದವರು, ಅವರ ಪತ್ನಿಯರು, ಶಾಲೆಯ ಮೇಷ್ಟ್ರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಸೇನಾ ಭರ್ತಿಗೆಂದು ಬೆಳಗಿನ ಜಾವ ರಸ್ತೆಯಲ್ಲಿ ಓಡುವ ಹುಡುಗರು ಹೀಗೆ ಒಬ್ಬೊಬ್ಬರಾಗಿ ಬರುತ್ತಾರೆ. ತಳಮಟ್ಟದ ಬೆಂಬಲ ಎಂದರೆ ಇದೇ. ಇದನ್ನು 'ನಾಲ್ಕು ಜನ ಪಿಂಚಣಿದಾರರು' ಎಂದು ತಳ್ಳಿಹಾಕುವವರಿಗೆ ಜನರನ್ನು ಹಣ ಕೊಡದೆ ಕರೆಯುವ ದಾರಿ ಮರೆತುಹೋಗಿದೆ.

'ಮತ ವ್ಯರ್ಥ' ಎಂಬ ಮಾತು ಉಳಿಯಿತು. ಯಾವ ಮತ ವ್ಯರ್ಥ? ಸೋತವನಿಗೆ ಬಿದ್ದ ಮತ ವ್ಯರ್ಥವಾದರೆ ಪ್ರತಿ ಚುನಾವಣೆಯಲ್ಲೂ ಗೆದ್ದವರನ್ನು ಬಿಟ್ಟು ಉಳಿದ ಎಲ್ಲ ಪಕ್ಷಗಳ ಮತವೂ ವ್ಯರ್ಥ. ಆಗ ವಿರೋಧ ಪಕ್ಷ ಎಂಬುದಕ್ಕೇ ಅರ್ಥವಿಲ್ಲ. ಚಲಾಯಿತ ಸಿಂಧು ಮತದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಸಿಕ್ಕರೆ ಠೇವಣಿ ಉಳಿಯುತ್ತದೆ. ಅಷ್ಟು ಸಿಗದಿದ್ದರೂ ಹತ್ತು ಸಾವಿರ ಜನ ಹಣ ಪಡೆಯದೆ ಒಬ್ಬನಿಗೆ ಮತ ಹಾಕಿದರೆ ಮುಂದಿನ ಚುನಾವಣೆಯಲ್ಲಿ ದೊಡ್ಡ ಪಕ್ಷಗಳು ಆ ಹತ್ತು ಸಾವಿರ ಜನರ ಮನೆ ಹುಡುಕಿಕೊಂಡು ಬರುತ್ತವೆ. ಆ ಮತ ಕೆಲಸ ಮಾಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಏಳೂ ಆಕ್ಷೇಪಗಳನ್ನು ಈಗ ಒಟ್ಟಿಗೆ ಇಟ್ಟು ನೋಡಿ. ಸೈನಿಕ ಅಪಾಯಕಾರಿಯಾಗಿ ಪ್ರಬಲ, ಹಾಗೆಯೇ ಕನಿಕರಪಡುವಷ್ಟು ದುರ್ಬಲ. ಆದೇಶದ ಗುಲಾಮ, ಹಾಗೆಯೇ ಯಾರ ಮಾತೂ ಕೇಳದ ಸರ್ವಾಧಿಕಾರಿ. ಊರಿನ ಹೆಮ್ಮೆ, ಹಾಗೆಯೇ ಊರಿಗೆ ಹೊರಗಿನವನು. ಒಂದು ಆಕ್ಷೇಪವನ್ನು ಒಪ್ಪಿದರೆ ಇನ್ನೊಂದು ಬೀಳುತ್ತದೆ. ಇವನ್ನು ಒಂದುಗೂಡಿಸುವ ತತ್ವ ಯಾವುದೂ ಇಲ್ಲ. ಇವುಗಳನ್ನು ಕಟ್ಟಿ ಹಿಡಿದಿರುವುದು ಒಂದು ಭಯ. ಜಾತಿಯ ಲೆಕ್ಕ, ಕುಟುಂಬದ ಹೆಸರು, ಹಣದ ಚೀಲ ಈ ಮೂರರ ಹೊರಗಿನಿಂದಲೂ ಒಬ್ಬ ಅಭ್ಯರ್ಥಿ ಬರಬಹುದು ಎಂಬ ಭಯ.

ಈ ಪ್ರಶ್ನೆ ಬೇಗನೆ ಇನ್ನಷ್ಟು ದೊಡ್ಡದಾಗಲಿದೆ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಡಿ ಸೇರಿದವರ ಅವಧಿ ನಾಲ್ಕು ವರ್ಷ. ಅವರಲ್ಲಿ ನಾಲ್ಕನೇ ಒಂದು ಭಾಗದವರಿಗೆ ಮಾತ್ರ ಸೇವೆಯಲ್ಲಿ ಮುಂದುವರಿಯುವ ಅವಕಾಶ. ಉಳಿದವರು ಇಪ್ಪತ್ತರ ಹರೆಯದಲ್ಲೇ, ಪಿಂಚಣಿ ಇಲ್ಲದೆ, ನಮ್ಮ ಹಳ್ಳಿಗಳಿಗೆ ಮರಳುತ್ತಾರೆ. ವಿಧಾನಸಭೆಗೆ ನಿಲ್ಲಲು ವಯಸ್ಸು 25 ಆದರೆ ಸಾಕು. ಕೆಲಸ, ಶಿಕ್ಷಣ, ಜಮೀನು, ಸಾಲ ಎಂದು ಅವರು ಪ್ರತಿದಿನ ಎದುರಿಸುವ ವಿಷಯಗಳೆಲ್ಲ ರಾಜ್ಯ ಸರ್ಕಾರದ ಕೈಯಲ್ಲಿರುವಂಥವು. ಅವರಿಗೆ 'ನೀವು ಗಡಿಗೆ ಬೇಕಿತ್ತು, ಸದನಕ್ಕೆ ಬೇಡ' ಎಂದು ಹೇಳುವ ಧೈರ್ಯ ಯಾವ ಪಕ್ಷಕ್ಕಿದೆ? ಇದ್ದರೆ ತಮ್ಮ ಪ್ರಣಾಳಿಕೆಯಲ್ಲಿ ಬರೆಯಲಿ.

ಮಾಜಿ ಸೈನಿಕ ಎಂಬ ಒಂದೇ ಕಾರಣಕ್ಕೆ ಯಾರಿಗೂ ಮತ ಹಾಕಿ ಎಂದು ನಾನು ಹೇಳುತ್ತಿಲ್ಲ. ಆ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎನ್ನುತ್ತಿದ್ದೇನೆ. ಬಾಗಿಲಿಗೆ ಬಂದ ಸೈನಿಕನನ್ನು ಕೂರಿಸಿ ಕೇಳಿ: ನಿಮ್ಮ ಪ್ರಮಾಣಪತ್ರದಲ್ಲಿ ಆಸ್ತಿ ಎಷ್ಟು, ಪ್ರಕರಣಗಳು ಎಷ್ಟು? ಬಿಡುಗಡೆ ಪುಸ್ತಕದಲ್ಲಿ ನಿಮ್ಮ ನಡತೆಯ ಬಗ್ಗೆ ಏನು ಬರೆದಿದೆ? ಪ್ರಚಾರಕ್ಕೆ ಹಣ ಎಲ್ಲಿಂದ ಬಂತು? ಗೆದ್ದರೆ ಎರಡು ಕೋಟಿಯ ನಿಧಿಯ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದುತ್ತೀರಾ? ಅವಧಿ ಮುಗಿಯುವ ತನಕ ಪಕ್ಷ ಬದಲಿಸುವುದಿಲ್ಲವೆಂದು ಬರೆದುಕೊಡುತ್ತೀರಾ? ಉತ್ತರ ಸರಿಯಿಲ್ಲದಿದ್ದರೆ ಎದ್ದು ಹೋಗಲು ಹೇಳಿ. ಅವನ ನಂತರ ಬರುವ ಹಾಲಿ ಶಾಸಕರಿಗೂ, ಅವರ ಮಗನಿಗೂ, ಅವರ ಎದುರಾಳಿಗೂ ಅವೇ ಐದು ಪ್ರಶ್ನೆಗಳನ್ನು ಅದೇ ದನಿಯಲ್ಲಿ ಕೇಳಿ. ಬಿಡುಗಡೆ ಪುಸ್ತಕ ಇಲ್ಲದವರಿಂದ ಅದರ ಬದಲಿಗೆ ಕಳೆದ ಐದು ವರ್ಷ ಸದನಕ್ಕೆ ಎಷ್ಟು ದಿನ ಹಾಜರಾದಿರಿ ಎಂಬ ಲೆಕ್ಕ ಪಡೆಯಿರಿ. ಈ ಪರೀಕ್ಷೆಗೆ ಮಾಜಿ ಸೈನಿಕ ಸಿದ್ಧನಿರಬೇಕು. ಉಳಿದವರೂ ಸಿದ್ಧರಿದ್ದಾರೆಯೇ ಎಂಬುದನ್ನು ಎದುರಾಳಿಗಳು ಮೊದಲು ಹೇಳಲಿ.